‘ರಿ’ ಎಂದು ಶುರುವಾಗುವ ಇಂಗ್ಲಿಷ್ ಪದಗಳಿಗೆ ವಿರುದ್ಧ ಪದ ಹುಡುಕುವುದು ಹೇಗೆ?

ಎಸ್‌ಎಸ್‌ಸಿ (ಕೇಂದ್ರ ಸರ್ಕಾರದ ಸಿಬ್ಬಂದಿ ನೇಮಕಾತಿ ಆಯೋಗ), ಬ್ಯಾಂಕ್ ಪರೀಕ್ಷೆಗಳಿಗೆ ಓದುವವರ ನೋಟ್‌ಬುಕ್ ತೆಗೆದು ನೋಡಿ. ವಿರುದ್ಧ ಪದಗಳ ಉದ್ದನೆಯ ಪಟ್ಟಿ ಇದ್ದೇ ಇರುತ್ತದೆ. ‘ಆರ್’ ಅಕ್ಷರದ ಪುಟಕ್ಕೆ ಬಂದರೆ ಸಾಲುಸಾಲಾಗಿ ಆರ್-ಇ, ಆರ್-ಇ. ರಿಜೆಕ್ಟ್, ರಿಸೀವ್, ರಿಟೇನ್, ರಿವೀಲ್, ರಿಲಕ್ಟಂಟ್, ರೆಗ್ಯುಲರ್, ರೆಲೆವಂಟ್. ಎಲ್ಲವೂ ಒಂದೇ ಮುಖದವು. ರಾತ್ರಿ ಉರು ಹೊಡೆದದ್ದು ಬೆಳಿಗ್ಗೆ ಪರೀಕ್ಷೆಯಲ್ಲಿ ಕಲಸಿಹೋಗುವುದು ಇಲ್ಲೇ.

ಪಟ್ಟಿ ಬೇಡವೇ ಬೇಡ ಎಂದು ಹೇಳುತ್ತಿಲ್ಲ. ಆದರೆ ಅದಕ್ಕೂ ಮುಂಚೆ ಒಂದು ಕೆಲಸ ಇದೆ. ಪದದ ತಲೆಯಲ್ಲಿ ಕೂತಿರುವ ‘ರಿ’ ಅಲ್ಲಿ ಏನು ಮಾಡುತ್ತಿದೆ ಎಂದು ನೋಡಬೇಕು. ಅದು ತಿಳಿದರೆ ವಿರುದ್ಧ ಪದವನ್ನು ಎಲ್ಲಿ ಹುಡುಕಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಹಂತ 1: ಇದು ಯಾವ ‘ರಿ’?

‘ರಿ’ ಲ್ಯಾಟಿನ್‌ನಿಂದ ಬಂದ ಉಪಸರ್ಗ. ಅಲ್ಲೇ ಅದಕ್ಕೆ ಎರಡು ಅರ್ಥ: ‘ಮತ್ತೆ’ ಮತ್ತು ‘ಹಿಂದಕ್ಕೆ’. ಕನ್ನಡದಲ್ಲಿ ಈ ಎರಡು ಕೆಲಸಕ್ಕೆ ಬೇರೆ ಬೇರೆ ತುಣುಕು ಇಟ್ಟುಕೊಂಡಿದ್ದೇವೆ. ಮತ್ತೆ ಅನ್ನುವುದಕ್ಕೆ ‘ಮರು’: ಮರುಬಳಕೆ, ಮರುಮೌಲ್ಯಮಾಪನ. ಹಿಂದಕ್ಕೆ ಅನ್ನುವುದಕ್ಕೆ ‘ಹಿಂ’: ಹಿಂತಿರುಗು, ಹಿಂಜರಿ. ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ ‘ರಿ’. ಗೊಂದಲದ ಮೂಲ ಇದು.

ಮೂರನೆಯ ಗುಂಪೂ ಇದೆ. ರೆಡ್, ರೀಡ್, ರೆಡಿ, ರೀಚ್, ರಿಯಲ್. ಇಲ್ಲೂ ಮೊದಲಿಗೆ ಆರ್-ಇ ಇದೆ, ಆದರೆ ಅದು ಉಪಸರ್ಗ ಅಲ್ಲ. ಪದದ ಮೈಯೇ ಅದು. ‘ರೆಗ್ಯುಲರ್’ ಕೂಡ ಹಾಗೇ. ಅಳತೆಗೋಲು, ನಿಯಮ ಎಂಬ ಅರ್ಥದ ‘ರೆಗ್ಯುಲಾ’ ಎಂಬ ಲ್ಯಾಟಿನ್ ಪದದಿಂದ ಅದು ಬಂದಿದೆ.

ಪತ್ತೆ ಮಾಡುವುದು ಸುಲಭ. ‘ರಿ’ ತೆಗೆದುಹಾಕಿ. ಉಳಿದದ್ದು ಇಂಗ್ಲಿಷ್‌ನಲ್ಲಿ ಸ್ವತಂತ್ರ ಪದವಾ? ಪೂರ್ತಿ ಪದದ ಅರ್ಥ ‘ಮತ್ತೆ + ಆ ಪದ’ ಎಂದು ಕೂಡಿಬರುತ್ತದಾ? ಎರಡಕ್ಕೂ ಹೌದು ಎಂದರೆ ಅದು ‘ಮತ್ತೆ’ ಗುಂಪು. ‘ರಿಓಪನ್’ ಎರಡರಲ್ಲೂ ಪಾಸು. ‘ರಿಮೆಂಬರ್’ ಮೊದಲನೆಯದರಲ್ಲಿ ಪಾಸು, ಎರಡನೆಯದರಲ್ಲಿ ಫೇಲು. ಮತ್ತೆ ಮೆಂಬರ್ ಆಗುವುದಕ್ಕೂ ನೆನಪಿಗೂ ಸಂಬಂಧ ಇಲ್ಲ. ‘ರಿಟೇಲ್’ನಲ್ಲಿ ಬಾಲ ಎಂಬ ಅರ್ಥದ ‘ಟೇಲ್’ ಕಾಣುತ್ತದೆ, ಹಾಗಂತ ಅದು ಮತ್ತೆ ಬಾಲ ಅಲ್ಲ. ಎರಡನೇ ಪ್ರಶ್ನೆ ಕೇಳದೆ ಮುಂದೆ ಹೋಗುವುದೇ ಜಾಸ್ತಿ ಜನ ಮಾಡುವ ತಪ್ಪು.

ಇಲ್ಲೊಂದು ಮಜಾ ಇದೆ. ‘ರಿಸೈನ್’ ಎಂದರೆ ರಾಜೀನಾಮೆ ಕೊಡು. ಅದರ ಮಧ್ಯೆ ಒಂದು ಸಣ್ಣ ಗೆರೆ ಹಾಕಿ ‘ರಿ-ಸೈನ್’ ಎಂದು ಬರೆದರೆ ಮತ್ತೆ ಸಹಿ ಹಾಕು ಎಂದಾಗುತ್ತದೆ. ಕ್ರೀಡಾ ಸುದ್ದಿಯಲ್ಲಿ ಒಬ್ಬ ಆಟಗಾರ ಕ್ಲಬ್ ಬಿಟ್ಟನೋ ಕರಾರು ಮುಂದುವರಿಸಿದನೋ ಅನ್ನುವುದು ಆ ಗೆರೆಯ ಮೇಲೆ ನಿಂತಿರುತ್ತದೆ. ಹೆಚ್ಚುಕಮ್ಮಿ ಇವೆರಡೇ ಒಂದಕ್ಕೊಂದು ವಿರುದ್ಧ! ‘ರಿಕವರ್’ ಎಂದರೆ ಚೇತರಿಸಿಕೊಳ್ಳು, ‘ರಿ-ಕವರ್’ ಎಂದರೆ ಸೋಫಾಕ್ಕೆ ಹೊಸ ಬಟ್ಟೆ ಹೊದಿಸು. ಗೆರೆ ಕಂಡರೆ ಯೋಚನೆ ಬೇಡ, ಅದು ‘ಮತ್ತೆ’ ಗುಂಪಿನದು.

ಹಂತ 2: ‘ಮತ್ತೆ’ ಎಂಬ ಅರ್ಥ ಇದ್ದರೆ

‘ರಿ’ ತೆಗೆದುಹಾಕಿದರೆ ವಿರುದ್ಧ ಪದ ಸಿಕ್ಕಿತು ಎಂದುಕೊಳ್ಳಬೇಡಿ. ‘ರಿಓಪನ್’ಗೆ ‘ಓಪನ್’ ವಿರುದ್ಧ ಅಲ್ಲ. ಒಂದರಲ್ಲಿ ಬಾಗಿಲು ತೆರೆಯುತ್ತದೆ, ಇನ್ನೊಂದರಲ್ಲೂ ತೆರೆಯುತ್ತದೆ. ಮಾಡಬೇಕಾದ್ದು ಇಷ್ಟು: ‘ರಿ’ಯನ್ನು ಪಕ್ಕಕ್ಕಿಡಿ, ಉಳಿದ ಪದಕ್ಕೆ ವಿರುದ್ಧ ಹುಡುಕಿ, ಅದನ್ನೇ ಬರೆಯಿರಿ. ರಿಓಪನ್‌ಗೆ ಕ್ಲೋಸ್. ರಿಫಿಲ್‌ಗೆ ಎಂಪ್ಟಿ. ರಿಬಿಲ್ಡ್‌ಗೆ ಡೆಮಾಲಿಶ್. ರಿಯುನೈಟ್‌ಗೆ ಸೆಪರೇಟ್. ರಿಅಪಿಯರ್‌ಗೆ ಡಿಸ್‌ಅಪಿಯರ್.

ಕರೆಂಟ್ ಬಿಲ್ ಕಟ್ಟದಿದ್ದರೆ ಲೈನ್ ಡಿಸ್‌ಕನೆಕ್ಟ್ ಮಾಡುತ್ತಾರೆ, ಕಟ್ಟಿದ ಮೇಲೆ ರಿಕನೆಕ್ಟ್ ಮಾಡುತ್ತಾರೆ. ‘ಕನೆಕ್ಟ್’ ಮತ್ತು ‘ರಿಕನೆಕ್ಟ್’ ಎರಡಕ್ಕೂ ವಿರುದ್ಧ ಪದ ಒಂದೇ. ಕಂಪ್ಯೂಟರ್‌ನಲ್ಲಿ ಇನ್ನೂ ಚೆಂದದ ಉದಾಹರಣೆ ಇದೆ. ಕಂಟ್ರೋಲ್ ಮತ್ತು ಝಡ್ ಒತ್ತಿದರೆ ‘ಅನ್‌ಡು’, ಮಾಡಿದ್ದು ಹೋಯಿತು. ಕಂಟ್ರೋಲ್ ಮತ್ತು ವೈ ಒತ್ತಿದರೆ ‘ರಿಡು’, ಹೋದದ್ದು ಬಂತು. ಪರದೆಯ ಮೇಲೆ ಬಾಗಿದ ಎರಡು ಬಾಣಗಳು, ಒಂದು ಎಡಕ್ಕೆ, ಒಂದು ಬಲಕ್ಕೆ. ದಿನಾ ಬೆರಳ ತುದಿಯಲ್ಲೇ ಇರುವ ವಿರುದ್ಧ ಪದಗಳ ಜೋಡಿ ಇದು.

ಕೆಲವಕ್ಕೆ ವಿರುದ್ಧ ಪದವೇ ಇಲ್ಲ. ರಿರೈಟ್, ರಿಟೆಲ್, ರಿರೀಡ್. ಬರೆಯುವುದಕ್ಕೇ ನೆಟ್ಟಗೆ ವಿರುದ್ಧ ಇಲ್ಲದ ಮೇಲೆ ಮತ್ತೆ ಬರೆಯುವುದಕ್ಕೆ ಎಲ್ಲಿಂದ ಬರಬೇಕು? ಇಂಥವನ್ನು ಪಟ್ಟಿಯಿಂದ ಹೊಡೆದುಹಾಕಿ.

ಒಂದು ಕಡೆ ಎಚ್ಚರ ಬೇಕು. ಹಳೆಯ ಕ್ಯಾಸೆಟ್ ಪ್ಲೇಯರ್‌ನ ‘ರಿವೈಂಡ್’ ಬಟನ್ ನೆನಪಿದೆಯಾ? ‘ವೈಂಡ್’ ಎಂದರೆ ಸುತ್ತು, ಹಾಗಾಗಿ ‘ಅನ್‌ವೈಂಡ್’ ವಿರುದ್ಧ ಇರಬೇಕು ಅನ್ನಿಸುತ್ತದೆ. ಆದರೆ ಪಕ್ಕದ ಬಟನ್ ಮೇಲೆ ಬರೆದಿದ್ದದ್ದು ‘ಫಾಸ್ಟ್ ಫಾರ್ವರ್ಡ್’. ಅಂದರೆ ಆ ‘ರಿ’ ಮತ್ತೆ ಅನ್ನುವುದಲ್ಲ, ಹಿಂದಕ್ಕೆ ಅನ್ನುವುದು.

ಹಂತ 3: ‘ಹಿಂದಕ್ಕೆ’ ಎಂಬ ಅರ್ಥ ಇದ್ದರೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಪರೀಕ್ಷೆಯಲ್ಲಿ ಕೇಳುವ ಕಷ್ಟದ ಪದಗಳು ಇರುವುದು ಇದೇ ಗುಂಪಿನಲ್ಲಿ.

ಹಿಂದಕ್ಕೆ ವಿರುದ್ಧ ಮುಂದಕ್ಕೆ. ಇಂಗ್ಲಿಷ್‌ನಲ್ಲಿ ಮುಂದಕ್ಕೆ ಅನ್ನುವ ಉಪಸರ್ಗ ‘ಪ್ರೊ’. ಹಾಗಾಗಿ ಕೆಲವು ಪದಗಳಲ್ಲಿ ತಲೆ ಬದಲಾಯಿಸಿದರೆ ಸಾಕು. ನಮ್ಮ ಹಿನ್ನಡೆ, ಮುನ್ನಡೆ ಹೇಗೋ ಅವರ ರಿಗ್ರೆಸ್, ಪ್ರೋಗ್ರೆಸ್ ಹಾಗೆ. ಏನಾದರೂ ಆದ ಮೇಲೆ ಎಚ್ಚೆತ್ತುಕೊಳ್ಳುವವರು ‘ರಿಯಾಕ್ಟಿವ್’, ಮೊದಲೇ ಸಿದ್ಧವಾಗುವವರು ‘ಪ್ರೊಆಕ್ಟಿವ್’. ‘ರೆಟ್ರೊ’ ಕೂಡ ಇದೇ ಮನೆತನದ್ದು: ಹಿಂದಿನಿಂದ ಜಾರಿಯಾಗುವುದು ರೆಟ್ರೋಸ್ಪೆಕ್ಟಿವ್, ಇನ್ನು ಮುಂದಕ್ಕೆ ಜಾರಿಯಾಗುವುದು ಪ್ರಾಸ್ಪೆಕ್ಟಿವ್. ತೆರಿಗೆ ಕಾನೂನಿನ ಸುದ್ದಿ ಓದುವವರಿಗೆ ಈ ಜೋಡಿ ಪರಿಚಿತ.

ಆದರೆ ಈ ಉಪಾಯ ಬಹಳ ದೂರ ಬರುವುದಿಲ್ಲ. ‘ರಿಜೆಕ್ಟ್’ಗೆ ‘ಪ್ರಾಜೆಕ್ಟ್’ ವಿರುದ್ಧ ಅಲ್ಲ. ‘ರಿಸೀವ್’ಗೆ ‘ಡಿಸೀವ್’ ವಿರುದ್ಧ ಅಲ್ಲ, ಅದರ ಅರ್ಥ ಮೋಸ ಮಾಡು. ‘ರಿಸಿಸ್ಟ್’ ಮತ್ತು ‘ಅಸಿಸ್ಟ್’ ಅಕ್ಕಪಕ್ಕ ಇಟ್ಟರೆ ಜೋಡಿಯ ಹಾಗೇ ಕಾಣುತ್ತವೆ, ಆದರೆ ರಿಸಿಸ್ಟ್‌ಗೆ ಸರಿಯಾದ ಉತ್ತರ ‘ಯೀಲ್ಡ್’. ಪ್ರಶ್ನೆಪತ್ರಿಕೆ ಮಾಡುವವರಿಗೆ ಈ ಸಂಗತಿ ಚೆನ್ನಾಗಿ ಗೊತ್ತು. ಆಕಾರ ಹೋಲುವ ಪದವನ್ನು ಆಯ್ಕೆಗಳಲ್ಲಿ ಬೇಕಂತಲೇ ಇಡುತ್ತಾರೆ.

ಹಾಗಾದರೆ ಏನು ಮಾಡುವುದು? ಪದದ ಬಾಲಕ್ಕೆ ಕನ್ನಡದಲ್ಲಿ ಅರ್ಥ ಹಾಕಿ, ‘ಹಿಂದಕ್ಕೆ ಏನು ಮಾಡಿದ?’ ಎಂದು ಕೇಳಿಕೊಳ್ಳಿ. ‘ಜೆಕ್ಟ್’ ಎಂದರೆ ಎಸೆ. ಕೊಟ್ಟದ್ದನ್ನು ಹಿಂದಕ್ಕೆ ಎಸೆಯುವುದು ರಿಜೆಕ್ಟ್. ಹಾಗೆ ಮಾಡದೆ ಕೈಚಾಚಿ ತೆಗೆದುಕೊಳ್ಳುವುದು ಅಕ್ಸೆಪ್ಟ್. ‘ಟೇನ್’ ಎಂದರೆ ಹಿಡಿ. ಹಿಡಿದಿಟ್ಟುಕೊಳ್ಳುವುದು ರಿಟೇನ್, ಬಿಟ್ಟುಬಿಡುವುದು ರಿಲೀಸ್. ‘ಸೀಡ್’ ಎಂದರೆ ಹೋಗು. ನೆರೆ ನೀರು ಹಿಂದಕ್ಕೆ ಸರಿಯುವುದು ರಿಸೀಡ್, ಏರುವುದು ರೈಸ್. ಸೈನ್ಯ ಹಿಂದೆ ಸರಿಯುವುದು ರಿಟ್ರೀಟ್, ಮುನ್ನುಗ್ಗುವುದು ಅಡ್ವಾನ್ಸ್.

‘ಪೆಲ್’ ಮತ್ತು ‘ಟ್ರಾಕ್ಟ್’ ಎರಡನ್ನೂ ಒಟ್ಟಿಗೆ ನೋಡಬೇಕು. ಪೆಲ್ ಎಂದರೆ ತಳ್ಳು, ಟ್ರಾಕ್ಟ್ ಎಂದರೆ ಎಳೆ. ಟ್ರ್ಯಾಕ್ಟರ್ ಎಂಬ ಹೆಸರು ಬಂದದ್ದೂ ಈ ಎಳೆಯುವುದರಿಂದಲೇ. ಆಯಸ್ಕಾಂತದ ಎರಡು ಉತ್ತರ ಧ್ರುವಗಳು ಒಂದನ್ನೊಂದು ಹಿಂದಕ್ಕೆ ತಳ್ಳುತ್ತವೆ, ಅದು ರಿಪೆಲ್. ಉತ್ತರ ಮತ್ತು ದಕ್ಷಿಣ ಧ್ರುವಗಳು ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ, ಅದು ಅಟ್ರಾಕ್ಟ್. ಹಾಗಾದರೆ ‘ರಿಟ್ರಾಕ್ಟ್’? ಹಿಂದಕ್ಕೆ ಎಳೆದುಕೊಳ್ಳುವುದು. ಬೆಕ್ಕು ಉಗುರು ಒಳಗೆಳೆದುಕೊಂಡರೆ ರಿಟ್ರಾಕ್ಟ್, ಹೊರಚಾಚಿದರೆ ಎಕ್ಸ್‌ಟೆಂಡ್. ರಾಜಕಾರಣಿ ಹೇಳಿಕೆ ಹಿಂತೆಗೆದುಕೊಂಡರೂ ರಿಟ್ರಾಕ್ಟ್ ಎನ್ನುತ್ತಾರೆ, ಅಲ್ಲಿ ವಿರುದ್ಧ ‘ಅಸರ್ಟ್’.

‘ರಿವೀಲ್’ನ ಬಾಲ ಮುಸುಕು ಎಂಬ ಪದದಿಂದ ಬಂದದ್ದು. ಮುಸುಕು ಸರಿಸಿದರೆ ರಿವೀಲ್, ಮುಚ್ಚಿಟ್ಟರೆ ಕನ್ಸೀಲ್. ಇವೆರಡಕ್ಕೆ ಪ್ರಾಸ ಕೂಡಿಬಂದದ್ದು ಕಾಕತಾಳೀಯ, ಮೂಲ ಬೇರೆ ಬೇರೆ. ‘ರಿಲಕ್ಟಂಟ್’ನ ಒಳಗೆ ಕುಸ್ತಿ ಆಡು, ಸೆಣಸು ಎಂಬ ಲ್ಯಾಟಿನ್ ಪದ ಇದೆ. ಶಾಲೆಗೆ ಹೊರಟ ಮಗು ಬಾಗಿಲ ಚೌಕಟ್ಟು ಹಿಡಿದು ಜಗ್ಗುತ್ತದಲ್ಲ, ಅದೇ ರಿಲಕ್ಟಂಟ್. ಕುಣಿಯುತ್ತ ಹೊರಟರೆ ವಿಲ್ಲಿಂಗ್.

‘ಹಿಂದಕ್ಕೆ’ ಅನ್ನುವುದು ಪದದೊಳಗೇ ಇರುವುದರಿಂದಲೇ ‘ರಿಟರ್ನ್ ಬ್ಯಾಕ್’ ಎನ್ನುವುದು ಎರಡೆರಡು ಸಲ ಹೇಳಿದ ಹಾಗೆ. ನಮ್ಮ ಆಫೀಸ್ ಮೇಲ್‌ಗಳಲ್ಲಿ ‘ಪ್ಲೀಸ್ ರಿವರ್ಟ್’ ಎಂದರೆ ಉತ್ತರ ಕೊಡಿ ಎಂದು ಅರ್ಥ. ಅದು ಭಾರತದ ಇಂಗ್ಲಿಷ್‌ನ ರೂಢಿ, ಅದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ. ಆದರೆ ಪರೀಕ್ಷೆಯಲ್ಲಿ ರಿವರ್ಟ್ ಎಂದರೆ ಹಿಂದಿನ ಸ್ಥಿತಿಗೆ ಮರಳು ಎಂದು ಮಾತ್ರ ತೆಗೆದುಕೊಳ್ಳಿ.

ಹಂತ 4: ಇರ್, ಅನ್, ಡಿಸ್, ನಾನ್. ಯಾವುದನ್ನು ಹಚ್ಚುವುದು?

ಈಗ ಗುಣವಾಚಕಗಳು. ಇವುಗಳಲ್ಲಿ ‘ರಿ’ಯನ್ನು ಮುಟ್ಟಬಾರದು. ಅದರ ಮುಂದೆ ಇನ್ನೊಂದು ಉಪಸರ್ಗ ಬಂದು ಕೂರುತ್ತದೆ.

ಮೊದಲು ‘ಇರ್’. ಇದು ಬೇರೆ ಉಪಸರ್ಗ ಅಲ್ಲ, ‘ಇನ್’ ಎಂಬುದೇ ಮುಂದಿನ ಅಕ್ಷರಕ್ಕೆ ಹೊಂದಿಕೊಂಡು ಬದಲಾದದ್ದು. ಲೀಗಲ್ ಮುಂದೆ ‘ಇಲ್’, ಪಾಸಿಬಲ್ ಮುಂದೆ ‘ಇಮ್’, ರೆಗ್ಯುಲರ್ ಮುಂದೆ ‘ಇರ್’. ನಿರ್ಭಯ, ನಿಶ್ಚಿಂತೆ, ನಿಷ್ಫಲ ಎನ್ನುವಾಗ ನಮ್ಮ ಬಾಯಲ್ಲೂ ಹೀಗೇ ಆಗುತ್ತದೆ ಅಲ್ವಾ? ಕಾಗುಣಿತದಲ್ಲಿ ಒಂದು ವಿಷಯ ಮರೆಯಬೇಡಿ. ಇಲ್ಲಿ ಎರಡು ಆರ್ ಬರಲೇಬೇಕು, ಒಂದು ಉಪಸರ್ಗದ್ದು, ಇನ್ನೊಂದು ಪದದ್ದು. ಕನ್ನಡದಲ್ಲಿ ಬರೆದರೆ ರ-ಕಾರಕ್ಕೆ ಒತ್ತು ತಾನಾಗಿ ಬರುತ್ತದೆ: ಇರ್ರೆಗ್ಯುಲರ್, ಇರ್ರೆಲೆವಂಟ್. ಹಾಗೇ ಒತ್ತಿ ಓದಿಕೊಂಡರೆ ಒಂದು ಆರ್ ಬಿಟ್ಟುಹೋಗುವುದಿಲ್ಲ.

‘ಅನ್’ ಇಂಗ್ಲಿಷ್‌ನ ಮನೆಯದ್ದೇ ಉಪಸರ್ಗ, ಲ್ಯಾಟಿನ್‌ನಿಂದ ಬಂದದ್ದಲ್ಲ. ಹಾಗಾಗಿ ಅಚ್ಚ ಇಂಗ್ಲಿಷ್ ಪದಗಳಿಗೆ ಅದೇ ಬರುತ್ತದೆ: ಅನ್‌ರೀಡಬಲ್, ಅನ್‌ರೀಚಬಲ್. ಇಷ್ಟರಿಂದಲೇ ಪೂರ್ತಿ ನಿಯಮ ಸಿಗುವುದಿಲ್ಲ, ಆದರೆ ಪದದ ಕೊನೆ ನೋಡಿದರೆ ಒಳ್ಳೆ ಸುಳಿವು ಸಿಗುತ್ತದೆ. ಕೊನೆಯಲ್ಲಿ ಇ-ಡಿ ಇದ್ದರೆ ಸಾಮಾನ್ಯವಾಗಿ ‘ಅನ್’: ಅನ್‌ರಿಲೇಟೆಡ್, ಅನ್‌ರಿಸಾಲ್ವ್ಡ್, ಅನ್‌ರಿಜಿಸ್ಟರ್ಡ್. ಕೊನೆಯ ‘ಇಬಲ್’ ಐ ಅಕ್ಷರದಿಂದ ಶುರುವಾದರೆ ಹೆಚ್ಚುಕಮ್ಮಿ ಯಾವಾಗಲೂ ‘ಇರ್’: ಇರ್ರೆಸ್ಪಾನ್ಸಿಬಲ್, ಇರ್ರಿವರ್ಸಿಬಲ್, ಇರ್ರಿಸಿಸ್ಟಿಬಲ್.

ಎ ಅಕ್ಷರದ ‘ಏಬಲ್’ ಬಂದಾಗ ಮಾತ್ರ ಹೇಳುವುದು ಕಷ್ಟ. ಇರ್ರಿಪ್ಲೇಸಬಲ್ ಎನ್ನುತ್ತಾರೆ, ಆದರೆ ಅನ್‌ರಿಲಯಬಲ್, ಅನ್‌ರೀಸನಬಲ್ ಎನ್ನುತ್ತಾರೆ. ಇದಕ್ಕೆ ಅಡ್ಡದಾರಿ ಇಲ್ಲ. ಈ ಒಂದು ಗುಂಪನ್ನು ಬಾಯಿಪಾಠ ಮಾಡಿ, ಉರು ಹೊಡೆಯುವ ಶಕ್ತಿಯನ್ನೆಲ್ಲ ಇಲ್ಲಿ ಖರ್ಚು ಮಾಡಿ.

‘ಡಿಸ್’ ಬರುವುದು ಬೆರಳೆಣಿಕೆಯ ಪದಗಳಿಗೆ: ಡಿಸ್‌ರೆಸ್ಪೆಕ್ಟ್, ಡಿಸ್‌ರಿಗಾರ್ಡ್, ಡಿಸ್‌ರಿಪ್ಯೂಟ್, ಡಿಸ್‌ರಿಪೇರ್. ಕೊನೆಯದು ನಾಮಪದ ಮಾತ್ರ. ಪಾಳುಬಿದ್ದ ಕಟ್ಟಡ ‘ಡಿಸ್‌ರಿಪೇರ್’ ಸ್ಥಿತಿಯಲ್ಲಿದೆ ಎನ್ನಬಹುದು, ಆದರೆ ಫ್ಯಾನನ್ನು ಯಾರೂ ಡಿಸ್‌ರಿಪೇರ್ ಮಾಡುವುದಿಲ್ಲ, ಡ್ಯಾಮೇಜ್ ಮಾಡುತ್ತಾರೆ. ಇನ್ನು ‘ರಿಮೆಂಬರ್’ಗೆ ‘ಡಿಸ್‌ಮೆಂಬರ್’ ಎಂದು ಬರೆದೀರಿ, ಜೋಕೆ. ಅದರ ಅರ್ಥ ಕೈಕಾಲು ಬೇರೆ ಬೇರೆ ಕತ್ತರಿಸು ಎಂದು. ಸರಿ ಉತ್ತರ ‘ಫರ್ಗೆಟ್’.

‘ನಾನ್’ ಬರೀ ವಿಂಗಡಣೆಯ ಪದ. ಅದರಲ್ಲಿ ಬೈಗುಳವೂ ಇಲ್ಲ, ಹೊಗಳಿಕೆಯೂ ಇಲ್ಲ. ಟಿಕೆಟ್ ಮೇಲೆ ನಾನ್ ರಿಫಂಡಬಲ್, ವಿದೇಶದಲ್ಲಿರುವ ಅಣ್ಣ ನಾನ್ ರೆಸಿಡೆಂಟ್, ಕಲ್ಲಿದ್ದಲು ನಾನ್ ರಿನ್ಯೂವಬಲ್. ‘ನಾನ್ ರಿಲಿಜಿಯಸ್’ ಮತ್ತು ‘ಇರ್ರಿಲಿಜಿಯಸ್’ ಹೋಲಿಸಿ ನೋಡಿ. ಮೊದಲನೆಯದು ಧರ್ಮಕ್ಕೆ ಸಂಬಂಧಪಡದ್ದು ಎಂದಷ್ಟೇ ಹೇಳುತ್ತದೆ. ಎರಡನೆಯದರಲ್ಲಿ ಧರ್ಮದ ಬಗ್ಗೆ ತಾತ್ಸಾರ ಇದೆ ಎಂಬ ದನಿ ಇರುತ್ತದೆ.

ನಕಾರದ ಉಪಸರ್ಗ ಇದ್ದ ಮಾತ್ರಕ್ಕೆ ಪದ ಕೆಟ್ಟದ್ದು ಅಂತೇನೂ ಇಲ್ಲ. ‘ಇರ್ರಿಸಿಸ್ಟಿಬಲ್’ ಎಂದರೆ ಬೇಡ ಎನ್ನಲಾಗದಷ್ಟು ಚೆನ್ನಾಗಿರುವುದು. ‘ಇರ್ರಿಪ್ಲೇಸಬಲ್’ ಎಂದು ಯಾರನ್ನಾದರೂ ಕರೆದರೆ ಅದು ದೊಡ್ಡ ಹೊಗಳಿಕೆ.

‘ಇರ್ರಿಗಾರ್ಡ್‌ಲೆಸ್’ ಎಂಬ ಪದವನ್ನೂ ಅಲ್ಲಲ್ಲಿ ನೋಡಿರುತ್ತೀರಿ. ‘ಲೆಸ್’ ಎಂದು ಕೊನೆಯಲ್ಲಿ ಇಲ್ಲ ಅಂದಾಗಿದೆ, ಮತ್ತೆ ಮುಂದೆ ‘ಇರ್’ ಯಾಕೆ? ಶಿಷ್ಟ ಬಳಕೆಯಲ್ಲ ಎಂಬ ಗುರುತು ಹಾಕಿಯೇ ನಿಘಂಟುಗಳು ಅದನ್ನು ಕೊಡುತ್ತವೆ. ‘ರಿಗಾರ್ಡ್‌ಲೆಸ್’ ಎಂದರೆ ಸಾಕು.

ಹಂತ 5: ವಾಕ್ಯದಲ್ಲಿ ಇಟ್ಟು ನೋಡಿ

ಒಂದೇ ಪದಕ್ಕೆ ಎರಡು ಮೂರು ಅರ್ಥ ಇದ್ದರೆ ವಿರುದ್ಧ ಪದವೂ ಎರಡು ಮೂರು. ‘ರಿಸರ್ವ್ಡ್’ ತೆಗೆದುಕೊಳ್ಳಿ. ರೈಲು ಬೋಗಿಗೆ ‘ಅನ್‌ರಿಸರ್ವ್ಡ್’. ಯಾರ ಜೊತೆಗೂ ಜಾಸ್ತಿ ಮಾತಾಡದ ಮನುಷ್ಯನನ್ನೂ ರಿಸರ್ವ್ಡ್ ಎನ್ನುತ್ತಾರೆ, ಅವನಿಗೆ ವಿರುದ್ಧ ‘ಔಟ್‌ಗೋಯಿಂಗ್’. ‘ರೆಸ್ಟ್’ಗೆ ಭೌತಶಾಸ್ತ್ರದಲ್ಲಿ ‘ಮೋಶನ್’, ಮನೆಯಲ್ಲಿ ‘ವರ್ಕ್’. ‘ಅನ್‌ರೆಸ್ಟ್’ ಎಂಬ ಪದ ಇದೆ ನಿಜ, ಆದರೆ ಅದು ಊರಿನ ಗಲಭೆ, ಜನರ ಅಸಮಾಧಾನ.

‘ರಿಫೈಂಡ್’ ಮಾತ್ರ ಒಂದು ವಿಚಿತ್ರ ಪದ. ಪೆಟ್ರೋಲಿಯಂ ಶುದ್ಧ ಮಾಡಿದರೆ ರಿಫೈಂಡ್, ನೆಲದಿಂದ ತೆಗೆದ ಹಾಗೇ ಇದ್ದರೆ ಕ್ರೂಡ್. ನಯವಾದ ನಡತೆಯೂ ರಿಫೈಂಡ್, ಒರಟು ಮಾತು ಮತ್ತೆ ಕ್ರೂಡ್. ಅರ್ಥ ಎರಡಾದರೂ ವಿರುದ್ಧ ಪದ ಒಂದೇ ಆಗಿ ಉಳಿಯಿತು. ಅಡುಗೆ ಎಣ್ಣೆಗೆ ಮಾತ್ರ ಕ್ರೂಡ್ ಎಂದು ಅಂಗಡಿಯಲ್ಲಿ ಕೇಳಬೇಡಿ. ಅಲ್ಲಿ ರಿಫೈಂಡ್ ಬೇಡದವರು ಕೇಳುವುದು ಗಾಣದ ಎಣ್ಣೆ.

‘ರಿಸಾಲ್ವ್’ ಮನೆತನವನ್ನೂ ಬೇರೆ ಮಾಡಿ ಇಟ್ಟುಕೊಳ್ಳಿ. ಬಗೆಹರಿಯದ ಸಮಸ್ಯೆ ‘ಅನ್‌ರಿಸಾಲ್ವ್ಡ್’. ಮನಸ್ಸು ಗಟ್ಟಿ ಮಾಡಿಕೊಳ್ಳದ ಮನುಷ್ಯ ‘ಇರ್ರೆಸಲ್ಯೂಟ್’. ಸಮಸ್ಯೆಗೂ ಮನುಷ್ಯನಿಗೂ ಒಂದೇ ಪದ ಹಾಕಿದರೆ ವಾಕ್ಯ ಕೆಡುತ್ತದೆ.

ಹಂತ 6: ನಾಲ್ಕು ಆಯ್ಕೆಗಳನ್ನು ಎದುರಿಸುವುದು

ಎಸ್‌ಎಸ್‌ಸಿ ಪದವೀಧರರಿಗೆ ನಡೆಸುವ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ ಸರಿ ಉತ್ತರಕ್ಕೆ 2 ಅಂಕ, ತಪ್ಪಿಗೆ 0.50 ಅಂಕ ಕಡಿತ. ಸುಮ್ನೆ ಊಹೆ ಮಾಡುವ ಬದಲು ಆಯ್ಕೆಗಳನ್ನು ಒಂದೊಂದಾಗಿ ಹೊಡೆದುಹಾಕುವುದು ಲಾಭ.

‘ರಿಲಕ್ಟಂಟ್’ಗೆ ವಿರುದ್ಧ ಕೇಳಿದ್ದಾರೆ ಎಂದುಕೊಳ್ಳಿ. ಆಯ್ಕೆಗಳು: ಹೆಸಿಟಂಟ್, ಅನ್‌ವಿಲ್ಲಿಂಗ್, ರಿಲಯಬಲ್, ಈಗರ್. ಮೊದಲ ಎರಡು ಸಮಾನಾರ್ಥಕಗಳು. ‘ಅನ್‌ವಿಲ್ಲಿಂಗ್’ನಲ್ಲಿ ‘ಅನ್’ ಕಂಡ ಕೂಡಲೇ ವಿರುದ್ಧ ಪದ ಅನ್ನಿಸುತ್ತದೆ, ಗಾಳ ಇರುವುದು ಅಲ್ಲೇ. ರಿಲಯಬಲ್ ಮೊದಲ ಮೂರು ಅಕ್ಷರ ಹೋಲುತ್ತದೆ ಎಂದಷ್ಟೇ ಬಂದು ಕೂತಿದೆ. ಉಳಿದದ್ದು ಈಗರ್. ಇನ್ನೊಂದು, ‘ರಿಟೇನ್’. ಆಯ್ಕೆಗಳು: ಅಬ್ಟೇನ್, ಕೀಪ್, ರಿಸ್ಟ್ರೇನ್, ರಿಲಿಂಕ್ವಿಶ್. ಕೀಪ್ ಸಮಾನಾರ್ಥಕ. ಅಬ್ಟೇನ್, ರಿಸ್ಟ್ರೇನ್ ಎರಡೂ ಬರೀ ಪ್ರಾಸ. ರಿಲಿಂಕ್ವಿಶ್‌ನ ಅರ್ಥ ಗೊತ್ತಿಲ್ಲದಿದ್ದರೂ ಅದೇ ಉತ್ತರ ಎಂದು ಗುರುತು ಹಾಕಬಹುದು. ಗಮನಿಸಿ, ಉತ್ತರವೂ ‘ರಿ’ಯಿಂದಲೇ ಶುರುವಾಗಿದೆ. ವಿರುದ್ಧ ಪದ ಬೇರೆ ಅಕ್ಷರದಿಂದಲೇ ಶುರುವಾಗಬೇಕು ಎಂಬ ನಿಯಮ ಎಲ್ಲೂ ಇಲ್ಲ.

ಅಭ್ಯಾಸಕ್ಕೆ

ನೋಟ್‌ಬುಕ್‌ನಲ್ಲಿ ಅಕ್ಷರ ಕ್ರಮದ ಪಟ್ಟಿ ಬಿಡಿ. ಪುಟಕ್ಕೆ ಮೂರು ಕಾಲಂ ಹಾಕಿ: ಮತ್ತೆ, ಹಿಂದಕ್ಕೆ, ಯಾವುದೂ ಅಲ್ಲ. ಹೊಸ ಪದ ಸಿಕ್ಕಾಗ ಯಾವ ಕಾಲಂಗೆ ಹಾಕುವುದು ಎಂದು ತೀರ್ಮಾನ ಮಾಡುವಷ್ಟರಲ್ಲಿ ಅರ್ಧ ಕಲಿಕೆ ಆಗಿಹೋಗಿರುತ್ತದೆ. ವಿರುದ್ಧ ಪದದ ಪಕ್ಕ ಒಂದು ಪುಟ್ಟ ವಾಕ್ಯ ಬರೆಯಿರಿ. ಕಂಪ್ಯೂಟರ್ ಇದ್ದರೆ ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಪದದ ಮೇಲೆ ಕರ್ಸರ್ ಇಟ್ಟು ಶಿಫ್ಟ್ ಮತ್ತು ಎಫ್7 ಒತ್ತಿ, ಸಮಾನಾರ್ಥಕಗಳ ಜೊತೆ ಕೆಲವಕ್ಕೆ ವಿರುದ್ಧ ಪದವನ್ನೂ ತೋರಿಸುತ್ತದೆ. ಅದನ್ನು ಹಾಗೇ ನಂಬದೆ ಐದನೇ ಹಂತದ ಹಾಗೆ ವಾಕ್ಯಕ್ಕೆ ಹಾಕಿ ನೋಡಿ.

ಶುರು ಮಾಡಲು ಒಂದಷ್ಟು: ರೆಕ್‌ಲೆಸ್, ರಿಡಂಡಂಟ್, ರಿಟೇಲ್, ರಿವಾರ್ಡ್, ರಿವರೆಂಟ್, ರಿಲ್ಯಾಪ್ಸ್. ಉತ್ತರಗಳು ಇದೇ ಕ್ರಮದಲ್ಲಿ: ಕೇರ್‌ಫುಲ್, ನೆಸೆಸರಿ, ಹೋಲ್‌ಸೇಲ್, ಪನಿಶ್ಮೆಂಟ್, ಇರ್ರೆವರೆಂಟ್, ರಿಕವರಿ. ರೆಕ್‌ಲೆಸ್‌ಗೆ ‘ರೆಕ್‌ಫುಲ್’ ಎಂಬ ಜೋಡಿ ಇಂದಿನ ಇಂಗ್ಲಿಷ್‌ನಲ್ಲಿ ಇಲ್ಲ, ಹುಡುಕಬೇಡಿ. ಕೊನೆಯ ಜೋಡಿಯಲ್ಲಿ ಎರಡೂ ‘ಹಿಂದಕ್ಕೆ’ ಕಾಲಂಗೇ ಸೇರುತ್ತವೆ: ಕಾಯಿಲೆಗೆ ವಾಪಸ್ ಬಿದ್ದರೆ ರಿಲ್ಯಾಪ್ಸ್, ಆರೋಗ್ಯ ವಾಪಸ್ ಸಿಕ್ಕರೆ ರಿಕವರಿ.